ಬ್ಯಾಂಕಾಕಿನ ಬದುಕು ಯಾವ ಗೂಟಕ್ಕೆ ಕಟ್ಟಿದೆ?

ಒಂದು ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಹಾವೇರಿ ಕಡೆಯ ಹುಡುಗ, ಇಲ್ಲಿ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ನಮ್ಮ ಕಂಪನಿಯವನಲ್ಲ, ಹಬ್ಬದ ಊಟಕ್ಕೆ ಸೇರಿದಾಗ ಪರಿಚಯವಾದವನು. "ಅಕ್ಕಾ, ಅಪ್ಪಗ ಆರಾಮ ಇಲ್ಲ, ಐಸಿಯುದಾಗ ಇಟ್ಟಾರ. ಟ್ಯಾಕ್ಸಿಯಾಗ ಅದೀನಿ, ಏರ್‌ಪೋರ್ಟಿಗೆ ಹೊಂಟೀನಿ. ರೂಮಿನ ಕೀಲಿ ಕೆಳಗ ಸೆಕ್ಯುರಿಟಿ ಹತ್ರ ಕೊಟ್ಟೀನಿ, ಒಂದೀಟು ನೋಡ್ರಿ" ಅಂದ.

ಧೈರ್ಯ ಹೇಳಿದೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ರೀ-ಎಂಟ್ರಿ ಪರ್ಮಿಟ್ ಮಾಡಿಸಿದ್ದೀಯಾ?"

"ಅದೇನ್ರಿ ಅಕ್ಕಾ?"

ಅವನು ಇಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತು. ಪಾಸ್‌ಪೋರ್ಟಿನಲ್ಲಿ ಮುಂದಿನ ಮಾರ್ಚ್‌ವರೆಗೆ ಇರಲು ಅನುಮತಿ ಇತ್ತು. ಆದರೆ ಥೈಲ್ಯಾಂಡಿನಲ್ಲಿ ವಾಸದ ಅವಧಿಗೆ ಸಿಗುವ ವರ್ಷದ ಎಕ್ಸ್‌ಟೆನ್ಷನ್ ಮೇಲೆ ಇರುವವರು ರೀ-ಎಂಟ್ರಿ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಆ ಅನುಮತಿ ಅಲ್ಲಿಗೇ ಮುಗಿಯುತ್ತದೆ. ವಾಪಸ್ ಬಂದು ಮೊದಲಿನಿಂದ ವೀಸಾ ಶುರು ಮಾಡಬೇಕು. ಒಂದು ಸಲ ಹೋಗಿ ಬರುವ ಪರ್ಮಿಟ್‌ಗೆ 1,000 ಬಾತ್ (ಇಲ್ಲಿಯ ಹಣ), ಎಷ್ಟು ಸಲ ಬೇಕಾದರೂ ಹೋಗಿ ಬರುವುದಕ್ಕೆ 3,800 ಬಾತ್. ಅಷ್ಟೇ ವಿಷಯ. ಆದರೆ ಅಪ್ಪ ಐಸಿಯುನಲ್ಲಿರುವಾಗ ಯಾರಿಗೆ ಇದು ನೆನಪಾಗುತ್ತದೆ?

ಪುಣ್ಯಕ್ಕೆ ಸುವರ್ಣಭೂಮಿ ಏರ್‌ಪೋರ್ಟಿನಲ್ಲೇ ಇದಕ್ಕೊಂದು ಕೌಂಟರ್ ಇದೆ. "ಪಾಸ್‌ಪೋರ್ಟಿಗೆ ಸೀಲ್ ಒತ್ತಿಸಿಕೊಳ್ಳುವ ಮೊದಲು ಅಲ್ಲಿಗೆ ಹೋಗು. ಟಿಎಂ8 ಫಾರಂ ಕೇಳು. ಒಂದು ಫೋಟೋ, ಪಾಸ್‌ಪೋರ್ಟ್ ಜೆರಾಕ್ಸ್, ಸಾವಿರ ಬಾತ್ ನಗದು ಇಟ್ಟುಕೊ. ಸೀಲ್ ಬಿದ್ದ ಮೇಲೆ ಏನೂ ಮಾಡೋಕಾಗಲ್ಲ" ಅಂತ ಎರಡೆರಡು ಸಲ ಹೇಳಿದೆ. ಹನ್ನೊಂದು ಗಂಟೆಗೆ ಪರ್ಮಿಟ್‌ನ ಫೋಟೋ ವಾಟ್ಸಾಪಿಗೆ ಬಂತು. ಆಮೇಲೆಯೇ ನಾನು ಮಲಗಿದ್ದು.

ಬ್ಯಾಂಕಾಕಿನ ಒಂದು ಕಂಪನಿಯ ಎಚ್‌ಆರ್‌ ವಿಭಾಗದಲ್ಲಿ ಹೊರದೇಶದಿಂದ ಬರುವ ನೌಕರರ ವೀಸಾ, ವರ್ಕ್ ಪರ್ಮಿಟ್, ಮನೆ, ಮಕ್ಕಳ ಶಾಲೆ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಹನ್ನೆರಡು ವರ್ಷವಾಯಿತು. ಊರಿನಿಂದ ಯಾರೇ ಸಿಕ್ಕರೂ "ಅಲ್ಲಿ ಇರೋಕೆ ಚೆನ್ನಾಗಿದೆಯಾ?" ಅಂತ ಕೇಳುತ್ತಾರೆ. ಚೆನ್ನಾಗಿದೆ. ಆದರೆ ಅದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅನ್ನುತ್ತೇನೆ ನಾನು: ಇಲ್ಲಿ ನಿಮ್ಮ ವಾಸ ಯಾವ ಗೂಟಕ್ಕೆ ಕಟ್ಟಿದೆ? ಕೆಲಸಕ್ಕಾ, ಮದುವೆಗಾ, ಬ್ಯಾಂಕಿನಲ್ಲಿಟ್ಟ ದುಡ್ಡಿಗಾ? ಆ ಗೂಟ ಕಿತ್ತರೆ ಮಾರನೇ ದಿನ ನೀವು ಎಲ್ಲಿರುತ್ತೀರಿ?

ಮೊದಲು ಚೆನ್ನಾಗಿರುವುದನ್ನೇ ಹೇಳುತ್ತೇನೆ, ಯಾಕೆಂದರೆ ಅದು ನಿಜವಾಗಿಯೂ ಇದೆ. ರಾತ್ರಿ ಹನ್ನೊಂದಕ್ಕೆ ಸ್ಕೈಟ್ರೇನ್ ಇಳಿದು ಒಬ್ಬಳೇ ಮನೆಗೆ ನಡೆದು ಹೋಗುತ್ತೇನೆ. ಗಲ್ಲಿಯ ತುದಿಯಲ್ಲಿ ಹಣ್ಣಿನ ಗಾಡಿ, ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯವರು. ಒಂದು ದಿನವೂ ಹೆದರಿಕೆಯಾಗಿಲ್ಲ. ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆಸ್ಪತ್ರೆಗಳು ಅಚ್ಚುಕಟ್ಟು. ಬೆಂಗಳೂರಿಗೆ ನೇರ ವಿಮಾನ, ಹೆಚ್ಚು ಕಡಿಮೆ ನಾಲ್ಕು ಗಂಟೆಯ ದಾರಿ. ಮಾತಿನಲ್ಲೂ ಏನೋ ನಂಟು ಸಿಗುತ್ತದೆ. ಏಪ್ರಿಲ್ 13ರಿಂದ 15ರವರೆಗೆ ನೀರೆರಚಿ ಆಚರಿಸುವ ಹೊಸವರ್ಷಕ್ಕೆ ಇಲ್ಲಿ ಸೊಂಗ್‌ಕ್ರಾನ್ ಅನ್ನುತ್ತಾರೆ. ನಮ್ಮ ಸಂಕ್ರಾಂತಿ ಅನ್ನುವ ಪದವೇ ಅದು, ಸ್ವಲ್ಪ ಸವೆದಿದೆ.

ಸಸ್ಯಾಹಾರಿಗಳು ತುಂಬಾ ಹೆದರಿ ಬರುತ್ತಾರೆ. ಹೆದರಬೇಡಿ, ಆದರೆ ಎರಡು ಪದ ಕಲಿತು ಬನ್ನಿ. "ಮಾಂಸ ಬೇಡ" ಅಂದರೆ ಸಾಲದು. ಪಲ್ಯಕ್ಕೂ ನಾಮ್ ಪ್ಲಾ, ಅಂದರೆ ಮೀನಿನ ಸಾಸ್, ಬಿದ್ದಿರುತ್ತದೆ. ಅವರಿಗೆ ಅದು ಉಪ್ಪು ಹಾಕಿದ ಹಾಗೆ. "ಜೇ" ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಯಲ್ಲಿ ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ನಮ್ಮತ್ತೆ ಬಂದಾಗ ಒಂದು ತಿಂಗಳು ಹೊರಗಡೆ ಊಟ ಮಾಡಿದ್ದು ಅಲ್ಲೇ, ಸಂತೋಷವಾಗಿಯೇ ಮಾಡಿದರು.

ಇಲ್ಲಿಯವರು ಭಾರತೀಯರನ್ನು ಆಡುಮಾತಿನಲ್ಲಿ "ಖೇಕ್" ಅನ್ನುತ್ತಾರೆ. ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಗೆ ಜನ ಕರೆಯುವ ಹೆಸರೇ ವಾಟ್ ಖೇಕ್. ಆ ಪದಕ್ಕೆ ಅತಿಥಿ ಅನ್ನುವ ಅರ್ಥವೂ ಇದೆ. ಕಾನೂನು ಕೂಡ ನಮ್ಮನ್ನು ಹಾಗೇ ನೋಡುತ್ತದೆ. ಇಪ್ಪತ್ತು ವರ್ಷ ಇದ್ದರೂ ನೆಂಟರೇ. ಪರ್ಮನೆಂಟ್ ರೆಸಿಡೆನ್ಸಿ ಅನ್ನುವುದು ಇದೆ, ಆದರೆ ಒಂದು ದೇಶದವರಿಗೆ ವರ್ಷಕ್ಕೆ ಹೆಚ್ಚೆಂದರೆ 100 ಜನ ಅಂತ ಮಿತಿ. ಭಾರತೀಯರ ಸಂಖ್ಯೆ ನೋಡಿದರೆ ಅದು ಎಷ್ಟು ಇಕ್ಕಟ್ಟಿನ ಬಾಗಿಲು ಅಂತ ಗೊತ್ತಾಗುತ್ತದೆ. ಹಾಗಾಗಿ ಬಹುಪಾಲು ಜನ ವರ್ಷ ವರ್ಷವೂ 1,900 ಬಾತ್ ಕಟ್ಟಿ ಎಕ್ಸ್‌ಟೆನ್ಷನ್ ಮಾಡಿಸಿಕೊಂಡೇ ಇರುತ್ತಾರೆ.

ಅದು ಸಾಲದು ಅಂತ 90 ದಿನದ ರಿಪೋರ್ಟ್. ಪ್ರತಿ 90 ದಿನಕ್ಕೊಮ್ಮೆ "ನಾನು ಈ ವಿಳಾಸದಲ್ಲೇ ಇದ್ದೇನೆ" ಅಂತ ಇಮಿಗ್ರೇಷನ್‌ಗೆ ತಿಳಿಸಬೇಕು. 15 ದಿನ ಮೊದಲಿನಿಂದ 7 ದಿನ ಆಮೇಲಿನವರೆಗೆ ಅವಕಾಶ. ತಪ್ಪಿದರೆ 2,000 ಬಾತ್ ದಂಡ. ಇನ್ನೊಂದು ಟಿಎಂ30. ವಿದೇಶಿಯರು ಬಂದು ಇಳಿದುಕೊಂಡರೆ 24 ಗಂಟೆಯೊಳಗೆ ಮನೆ ಮಾಲೀಕರು ತಿಳಿಸಬೇಕು. ಇದು ಮಾಲೀಕರ ಜವಾಬ್ದಾರಿ, ಆದರೆ ಅವರು ಮಾಡದಿದ್ದರೆ ನಿಂತು ಹೋಗುವುದು ನಿಮ್ಮ ವೀಸಾ ಕೆಲಸ. ಚೇಂಗ್ ವತ್ತನದ ಇಮಿಗ್ರೇಷನ್ ಆಫೀಸಿನಲ್ಲಿ ಬೆಳಗ್ಗೆ ಟೋಕನ್ ತಗೊಂಡು, ಜೆರಾಕ್ಸಿನ ಪ್ರತಿ ಹಾಳೆಗೂ ಸಹಿ ಹಾಕಿ, ಮಧ್ಯಾಹ್ನ ಕಿಟಕಿ ಹತ್ತಿರ ಹೋದಾಗ "ಟಿಎಂ30 ಎಲ್ಲಿ?" ಅಂತ ಕೇಳಿಸಿಕೊಂಡು ಬರಿಗೈಯಲ್ಲಿ ವಾಪಸ್ ಬಂದವರನ್ನು ಬಹಳ ಜನ ನೋಡಿದ್ದೇನೆ. ಅದಕ್ಕೇ ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು ಅನ್ನುವ ಮೊದಲೇ "ಟಿಎಂ30 ಮಾಡಿಕೊಡ್ತೀರಾ?" ಅಂತ ಕೇಳಿ ಅನ್ನುತ್ತೇನೆ.

ಆ ಕಿಟಕಿಯ ಮುಂದೆ ದಯವಿಟ್ಟು ದನಿ ಏರಿಸಬೇಡಿ. ನಮ್ಮ ಕಡೆ ಜೋರು ಮಾಡಿದರೆ ಕೆಲಸ ಆಗುತ್ತದೆ ಅನ್ನುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಜೋರು ಮಾಡಿದ ಕ್ಷಣವೇ ಕೆಲಸ ಕೆಟ್ಟ ಹಾಗೆ. "ಜೈ ಯೆನ್ ಯೆನ್" ಅನ್ನುತ್ತಾರೆ. ಮನಸ್ಸು ತಣ್ಣಗಿಟ್ಟುಕೋ ಅಂತ. ನಾನು ಇಲ್ಲಿ ಕಲಿತ ಮಾತುಗಳಲ್ಲಿ ತುಂಬಾ ಪ್ರಯೋಜನಕ್ಕೆ ಬಂದಿದ್ದು ಇದೇ.

ಈಗ ಮುಖ್ಯ ಗೂಟಕ್ಕೆ ಬರುತ್ತೇನೆ, ಕೆಲಸ. ವರ್ಕ್ ಪರ್ಮಿಟ್ ನಿಮ್ಮ ಹೆಸರಿನಲ್ಲಿದ್ದರೂ ಅದು ಅಂಟಿಕೊಂಡಿರುವುದು ಆ ಕಂಪನಿಗೆ, ಆ ಹುದ್ದೆಗೆ. ಕೆಲಸದ ಕೊನೆಯ ದಿನವೇ ನಿಮ್ಮ ವಾಸದ ಅನುಮತಿಯ ಕೊನೆಯ ದಿನ. ಅರ್ಜಿ ಹಾಕಿದರೆ 7 ದಿನ ಸಿಗಬಹುದು. ಹೆಂಡತಿ ಮಕ್ಕಳ ವೀಸಾ ನಿಮ್ಮದರ ಮೇಲೇ ನಿಂತಿರುವುದರಿಂದ ಅದೂ ಅವತ್ತೇ ಮುಗಿಯುತ್ತದೆ. ಶಾಲೆಯ ಟರ್ಮ್ ಅರ್ಧದಲ್ಲಿದ್ದರೂ ಅಷ್ಟೇ.

ಒಬ್ಬ ಪರಿಚಯದವರಿಗೆ ನಾಲ್ಕು ವರ್ಷ ದುಡಿದ ಕಂಪನಿಯಲ್ಲಿ "ಹುದ್ದೆ ತೆಗೆಯುತ್ತಿದ್ದೇವೆ, ಒಂದು ತಿಂಗಳ ಸಂಬಳ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ" ಅಂದರು. ಗಾಬರಿಯಲ್ಲಿ ಅವರು ಪೆನ್ನು ಕೂಡ ತೆಗೆದಿದ್ದರು. ಮೊದಲು ಹೆಂಡತಿಗೆ ಫೋನ್ ಮಾಡೋಣ ಅಂತ ಹೊರಗೆ ಬಂದರು, ಆ ಹೆಣ್ಣುಮಗಳು ನನಗೆ ಫೋನ್ ಮಾಡಿದಳು. 1998ರ ಕಾರ್ಮಿಕ ರಕ್ಷಣಾ ಕಾನೂನಿನ ಪ್ರಕಾರ ತಪ್ಪಿಲ್ಲದೆ ಕೆಲಸದಿಂದ ತೆಗೆದರೆ 120 ದಿನದಿಂದ ಒಂದು ವರ್ಷದೊಳಗಿನ ಸೇವೆಗೆ 30 ದಿನದ ಕೂಲಿ, ಒಂದರಿಂದ ಮೂರು ವರ್ಷಕ್ಕೆ 90 ದಿನ, ಮೂರರಿಂದ ಆರು ವರ್ಷಕ್ಕೆ 180 ದಿನ, ಆರರಿಂದ ಹತ್ತು ವರ್ಷಕ್ಕೆ 240 ದಿನದ್ದು ಕೊಡಲೇಬೇಕು. ವಿದೇಶಿಯರಿಗೂ ಇದೇ ಕಾನೂನು. ಅಂದರೆ ಅವರಿಗೆ ಬರಬೇಕಿದ್ದದ್ದು ಆರು ತಿಂಗಳ ಸಂಬಳ! ಸಹಿ ಮಾಡಲಿಲ್ಲ. ಪೂರ್ತಿ ಸಿಕ್ಕಿತು. ಅಷ್ಟೇ ಅಲ್ಲ, ಕೊನೆಯ ದಿನವನ್ನು ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಮುಂದೆ ಹಾಕಲು ಕೇಳಿ ಅಂದೆ, ಕಂಪನಿ ಅದಕ್ಕೂ ಒಪ್ಪಿತು. ದುಡ್ಡಿನ ಜೊತೆ ದಿನಾಂಕವನ್ನೂ ಮಾತಾಡಿ ಗೊತ್ತು ಮಾಡಿಕೊಳ್ಳಬೇಕು. ನಮ್ಮವರು ಎಷ್ಟೋ ಸಲ ದುಡ್ಡಷ್ಟೇ ನೋಡುತ್ತಾರೆ.

ಯಾವ ಕೆಲಸವನ್ನು ಬೇಕಾದರೂ ಮಾಡುವ ಹಾಗೂ ಇಲ್ಲ. ಕೂದಲು ಕತ್ತರಿಸುವುದು, ಥಾಯ್ ಮಸಾಜ್, ವಾಹನ ಓಡಿಸುವುದು, ಬೀದಿ ವ್ಯಾಪಾರ, ಟೂರ್ ಗೈಡ್ ಕೆಲಸ ಇವೆಲ್ಲ ಥಾಯ್ ಜನರಿಗೇ ಮೀಸಲು. ನಮ್ಮ ಊರಿನಿಂದ ತಂಡ ಕರೆದುಕೊಂಡು ಬರುವ ಟೂರ್ ಮ್ಯಾನೇಜರ್‌ಗಳು ಇದನ್ನು ತಿಳಿದಿರಲೇಬೇಕು. ಬಸ್ಸಿನಲ್ಲಿ ಮೈಕ್ ಹಿಡಿದು ದೇವಸ್ಥಾನದ ಕಥೆ ಹೇಳುವುದೂ ಗೈಡ್ ಕೆಲಸವೇ ಅಂತ ಹಿಡಿದರೆ ಕೇಸಾಗುತ್ತದೆ.

ಇದಕ್ಕಿಂತ ದೊಡ್ಡ ಭಯ ನನಗೆ ಇನ್ನೊಂದು ಇದೆ. "ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ, ಊಟ ವಸತಿ ಫ್ರೀ, ಟೂರಿಸ್ಟ್ ಆಗಿ ಬಂದುಬಿಡಿ, ಪರ್ಮಿಟ್ ಆಮೇಲೆ ಮಾಡಿಸೋಣ" ಅಂತ ಮೆಸೇಜ್ ಬರುತ್ತದೆ. ಏರ್‌ಪೋರ್ಟಿನಿಂದ ಕಾರಿನಲ್ಲಿ ಕೂರಿಸುತ್ತಾರೆ. ಏಳೆಂಟು ಗಂಟೆಯಾದರೂ ಕಾರು ನಿಲ್ಲುವುದಿಲ್ಲ. ಅದು ಹೋಗುವುದು ಗಡಿಯ ಮೇ ಸೋಟ್ ಊರಿಗೆ. ಮೋಯ್ ನದಿ ದಾಟಿದರೆ ಮ್ಯಾನ್ಮಾರಿನ ಮ್ಯಾವಡ್ಡಿ. ಅಲ್ಲಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿ ದುಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆ ವಿಮಾನ ಕಳಿಸಿ ಮೇ ಸೋಟ್‌ನಿಂದ ಐನೂರಕ್ಕೂ ಹೆಚ್ಚು ಜನರನ್ನು ಕರೆತಂದಿತು. ಯಾರಾದರೂ "ಮೊದಲು ಬನ್ನಿ, ಆಮೇಲೆ ವೀಸಾ" ಅಂದರೆ ಬರಬೇಡಿ. ನಿಜವಾದ ಕೆಲಸ ಕೊಡುವವರು ಕೆಲಸಕ್ಕೆಂದೇ ಕೊಡುವ ನಾನ್-ಬಿ ವೀಸಾಕ್ಕೆ ಕಾಗದ ಮೊದಲೇ ಕಳಿಸುತ್ತಾರೆ. ನಿಮ್ಮ ಮನೆಯಲ್ಲಿ ಕೆಲಸ ಹುಡುಕುತ್ತಿರುವ ಹುಡುಗರಿದ್ದರೆ ಈ ಒಂದು ವಿಷಯವನ್ನಾದರೂ ಓದಿ ಹೇಳಿ.

ದುಡ್ಡಿನ ಗೂಟ ಬೇರೆ ಥರ. 50 ವರ್ಷ ದಾಟಿದವರು ಇಲ್ಲಿಯ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟರೆ, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಿದರೆ ನಿವೃತ್ತಿ ವಾಸಕ್ಕೆ ಅನುಮತಿ ಸಿಗುತ್ತದೆ. ಕೆಲಸ ಮಾತ್ರ ಮಾಡುವಂತಿಲ್ಲ. ವಯಸ್ಸಾದವರಿಗೆ ನಾನು ಮೊದಲು ಕೇಳುವುದು ಆರೋಗ್ಯ ವಿಮೆ ಬಗ್ಗೆ. ಆಸ್ಪತ್ರೆ ಎಷ್ಟು ಚೆನ್ನಾಗಿದೆಯೋ ಬಿಲ್ಲೂ ಅಷ್ಟೇ ದೊಡ್ಡದು. ವಯಸ್ಸಾಗುತ್ತಾ ಹೋದ ಹಾಗೆ ಪ್ರೀಮಿಯಂ ಏರುತ್ತದೆ, ಹಳೆಯ ಕಾಯಿಲೆಗಳನ್ನು ಹೊರಗಿಡುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಶುರುವಾಗುವ ಮೊದಲೇ ವಿಮೆ ಮಾಡಿಸಿದವರು ಮಾತ್ರ ನೆಮ್ಮದಿಯಾಗಿದ್ದಾರೆ. ಬೈಕ್ ಬಾಡಿಗೆಗೆ ತೆಗೆದುಕೊಳ್ಳುವ ಹುಡುಗರಿಗೂ ಒಂದು ಮಾತು. ನಿಮ್ಮ ಲೈಸೆನ್ಸಿನಲ್ಲಿ ದ್ವಿಚಕ್ರ ವಾಹನ ಇಲ್ಲದಿದ್ದರೆ ಅಪಘಾತದ ಬಿಲ್ಲಿಗೆ ವಿಮೆ ಕಂಪನಿ ಕೈ ಎತ್ತಿಬಿಡುತ್ತದೆ.

ಮನೆ ಕೊಳ್ಳಬಹುದಾ? ಕಾಂಡೋ, ಅಂದರೆ ಅಪಾರ್ಟ್ಮೆಂಟಿನ ಫ್ಲ್ಯಾಟ್, ಕೊಳ್ಳಬಹುದು. ಒಂದು ಕಟ್ಟಡದಲ್ಲಿ ವಿದೇಶಿಯರ ಪಾಲು 49 ಶೇಕಡಾ ಮೀರಬಾರದು, ದುಡ್ಡು ಹೊರದೇಶದಿಂದ ಬಂದದ್ದು ಅನ್ನುವ ಬ್ಯಾಂಕಿನ ಕಾಗದ ಬೇಕು. ಜಮೀನು ಕೊಳ್ಳುವ ಹಾಗಿಲ್ಲ. ಥಾಯ್ ಹೆಂಡತಿಯ ಹೆಸರಿನಲ್ಲಿ ಕೊಂಡರೂ "ಇದು ಅವಳದೇ ದುಡ್ಡು" ಅಂತ ಗಂಡ ಬರೆದುಕೊಡಬೇಕು. ಬೇರೆಯವರ ಹೆಸರಿನಲ್ಲಿ ಕಂಪನಿ ಮಾಡಿ ಜಮೀನು ಕೊಳ್ಳುವ ದಾರಿ ತೋರಿಸುವವರು ಸಿಗುತ್ತಾರೆ. ಅದು ಅಪರಾಧ, ಆ ಕಡೆ ಹೋಗಬೇಡಿ.

ತೆರಿಗೆಯ ವಿಷಯದಲ್ಲಿ ಹಳೆಯವರು ಹೇಳುವ ಮಾತು ಈಗ ನಡೆಯುವುದಿಲ್ಲ. ವರ್ಷದಲ್ಲಿ 180 ದಿನ ಇಲ್ಲಿದ್ದರೆ ನೀವು ಇಲ್ಲಿಯ ತೆರಿಗೆ ನಿವಾಸಿ. ಮೊದಲು, ಹೊರದೇಶದಲ್ಲಿ ಗಳಿಸಿದ್ದನ್ನು ಮುಂದಿನ ವರ್ಷ ತಂದರೆ ತೆರಿಗೆ ಇರಲಿಲ್ಲ. 2024ರ ಜನವರಿ 1ರಿಂದ ಅದು ಬದಲಾಗಿದೆ. ಅವತ್ತಿನಿಂದ ಮುಂದೆ ಗಳಿಸಿದ್ದನ್ನು ಯಾವ ವರ್ಷ ತಂದರೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಇಲಾಖೆಯ ಆದೇಶ. ತುಮಕೂರಿನ ಸೈಟು ಮಾರಿದ ದುಡ್ಡು, ಬೆಂಗಳೂರಿನ ಮನೆ ಬಾಡಿಗೆ ಇವನ್ನು ಇಲ್ಲಿಗೆ ತರುವ ಮೊದಲು ಲೆಕ್ಕ ಗೊತ್ತಿರುವವರನ್ನು ಕೇಳಿ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆ. ಊರಿನಲ್ಲಿ ಕಟ್ಟಿದ ತೆರಿಗೆಯ ಕಾಗದ ಜೋಪಾನ ಮಾಡಿದ್ದರೆ ಎರಡು ಸಲ ಕಟ್ಟುವುದು ತಪ್ಪುತ್ತದೆ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಒ ಖಾತೆ ಮಾಡಿಸುವುದನ್ನೂ ಬಹಳ ಜನ ಮರೆಯುತ್ತಾರೆ.

ಇನ್ನು ಬಾಯಿ. ರಾಜಮನೆತನದ ಬಗ್ಗೆ ಹಗುರವಾಗಿ ಒಂದು ಪೋಸ್ಟ್ ಹಾಕುವುದಿರಲಿ, ಹಂಚಿಕೊಂಡರೂ ದಂಡಸಂಹಿತೆಯ 112ನೇ ಕಲಂ ಇದೆ. ಒಂದೊಂದು ತಪ್ಪಿಗೆ 3ರಿಂದ 15 ವರ್ಷ ಜೈಲು. ಇಲ್ಲಿ ಇರುವಷ್ಟು ದಿನ ಆ ವಿಷಯ ಮಾತಾಡುವುದೇ ಬೇಡ.

ಚಿಯಾಂಗ್ ಮಾಯ್‌ಗೆ ಹೋಗಿ ನೆಲೆಸುತ್ತೇವೆ ಅನ್ನುವವರಿಗೆ ಡಿಸೆಂಬರಿನಲ್ಲಿ ಊರು ನೋಡಿ ಮನೆ ಗೊತ್ತು ಮಾಡಬೇಡಿ ಅನ್ನುತ್ತೇನೆ. ಮಾರ್ಚ್‌ನಲ್ಲಿ ಹೋಗಿ. ಹೊಲ, ಕಾಡು ಸುಡುವ ಹೊಗೆಗೆ ಎದುರಿನ ಬೆಟ್ಟವೇ ಕಾಣುವುದಿಲ್ಲ. ಉಬ್ಬಸ ಇರುವವರು, ಚಿಕ್ಕ ಮಕ್ಕಳಿರುವವರು ಆಗ ಊರು ಬಿಟ್ಟು ದಕ್ಷಿಣಕ್ಕೆ ಹೋಗುತ್ತಾರೆ.

ಆ ಹಾವೇರಿ ಹುಡುಗ ಹದಿನೇಳು ದಿನಕ್ಕೆ ವಾಪಸ್ ಬಂದ. ಅಪ್ಪ ಚೇತರಿಸಿಕೊಂಡಿದ್ದರು. ನನಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದಿದ್ದ. ಊಟಕ್ಕೆ ಕೂತಾಗ ಪಾಸ್‌ಪೋರ್ಟ್ ತೆಗೆದು ತೋರಿಸಿದ. ಬಂದಿಳಿದ ದಿನದ ಸೀಲ್ ಇತ್ತು, ಅದರೊಳಗೆ ಮಾರ್ಚ್ ತಿಂಗಳ ಅದೇ ಹಳೆಯ ತಾರೀಖು ಬರೆದಿದ್ದರು. ಅನುಮತಿ ಉಳಿದಿತ್ತು. ದೇಶ ಬಿಟ್ಟು ಬಂದದ್ದರಿಂದ 90 ದಿನದ ಎಣಿಕೆ ಮಾತ್ರ ಬಂದಿಳಿದ ದಿನದಿಂದ ಹೊಸದಾಗಿ ಶುರು. "ಯಾವತ್ತಿಗೆ ಬರ್ತದ್ರಿ ಅಕ್ಕಾ?" ಅಂತ ಕೇಳಿದ. ಗೋಡೆಯ ಕ್ಯಾಲೆಂಡರ್ ಇಳಿಸಿ ಇಬ್ಬರೂ ಕೂತು ಎಣಿಸಿದೆವು.