ಮರಣಪತ್ರದಲ್ಲಿ ಕಾಣಿಸದ ಗಾಳಿ

ಚಳಿಗಾಲದ ಮುಂಜಾನೆ ಯಾರೋ ಒಣ ಎಲೆಗಳಿಗೆ ಬೆಂಕಿ ಹಚ್ಚಿದ್ದಾಗ ಆ ಹೊಗೆಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಮೊದಲು ನೆಟ್ಟಗೆ ಏಳುತ್ತದೆ. ಒಂದು ಎತ್ತರ ತಲುಪಿದ ಮೇಲೆ, ಗಾಜಿನ ಸೂರಿಗೆ ತಲೆ ತಾಗಿದಂತೆ ತಟ್ಟನೆ ನಿಂತು ಅಡ್ಡಡ್ಡ ಹರಡಿಕೊಳ್ಳುತ್ತದೆ. ಅಲ್ಲಿ ನಿಜಕ್ಕೂ ಒಂದು ಸೂರಿದೆ. ರಾತ್ರಿಯಿಡೀ ನೆಲ ತಣಿದು, ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗಿ ಭಾರವಾಗಿರುತ್ತದೆ. ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಕೆಳಗಿನ ಭಾರದ ಗಾಳಿ ಮೇಲಿನ ಹಗುರ ಗಾಳಿಯನ್ನು ದಾಟಿ ಏರಲಾರದು. ಇದಕ್ಕೆ ಉಷ್ಣತೆಯ ವಿಲೋಮ ಎಂದು ಹೆಸರು. ಬಿಸಿಲೇರಿ ನೆಲ ಕಾದಾಗ ಮುಚ್ಚಳ ತೆರೆಯುತ್ತದೆ. ಹೊಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಬೆರೆತು ತೆಳುವಾಗುತ್ತದೆ. ಮುಚ್ಚಳ ಬಿಗಿಯಾಗಿ ಕೂತ ದಿನ ಅಷ್ಟೇ ಹೊಗೆ ಒಂದೆರಡು ನೂರು ಮೀಟರ್ ಜಾಗದಲ್ಲಿ ಸಿಕ್ಕಿಬೀಳುತ್ತದೆ.

ವಾಯುಮಾಲಿನ್ಯದ ಬಗೆಗಿನ ಅರ್ಧ ಗೊಂದಲ ಹುಟ್ಟುವುದು ಇಲ್ಲಿ. ನಿನ್ನೆ ಉರಿಸಿದಷ್ಟನ್ನೇ ಇಂದೂ ಉರಿಸಿರುತ್ತೇವೆ, ಆದರೆ ಇಂದು ಮಾತ್ರ ಉಸಿರು ಕಟ್ಟುತ್ತದೆ. ಹಾಗಾಗಿ ತಪ್ಪನ್ನು ಹವೆಯ ಮೇಲೆ ಹೊರಿಸುವುದು ಸುಲಭ. ನೂರಾರು ವರ್ಷಗಳಿಂದ ನಡೆದುಬಂದಿರುವುದೂ ಅದೇ.

ಕಲ್ಲಿದ್ದಲು ಸುಡಬಾರದೆಂದು ಇಂಗ್ಲೆಂಡಿನ ಅರಸ 14ನೇ ಶತಮಾನದ ಆರಂಭದಲ್ಲೇ ಆಜ್ಞೆ ಹೊರಡಿಸಿದ್ದ. 1661ರಲ್ಲಿ ಜಾನ್ ಎವೆಲಿನ್ ಹೊಗೆಯುಗುಳುವ ಕಸುಬುಗಳನ್ನು ಲಂಡನ್ನಿನಿಂದ ಹೊರಗೆ ಸಾಗಿಸಿ ಎಂದು ದೊರೆಗೆ ಬರೆದುಕೊಟ್ಟ. ಆಮೇಲೆ ಉಗಿಯಂತ್ರ ಬಂತು, ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. 1930ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಮ್ಯೂಸ್ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಮಂಜಿನಡಿ ಸಿಲುಕಿ ಸುಮಾರು 60 ಮಂದಿ ಸತ್ತರು. 1948ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಡೊನೋರಾ ಎಂಬ ಪುಟ್ಟ ಪಟ್ಟಣದಲ್ಲಿ 20 ಮಂದಿ. ಎರಡೂ ಕಡೆ ಬೆಟ್ಟಗಳ ನಡುವಿನ ನದಿ ಕಣಿವೆ, ಎರಡೂ ಕಡೆ ಅಲುಗದ ಗಾಳಿ. ಎರಡನ್ನೂ ದೊಡ್ಡ ನಗರಗಳು ಎಲ್ಲೋ ದೂರದ ಅಪಘಾತವೆಂದು ಓದಿ ಮರೆತವು.

ಲಂಡನ್ನಿನ ಐದು ದಿನಗಳನ್ನು ಮಾತ್ರ ಹಾಗೆ ಮರೆಯಲಾಗಲಿಲ್ಲ. 1952ರ ಡಿಸೆಂಬರ್ 5, ಶುಕ್ರವಾರ. ನಗರದ ಮೇಲೆ ಅಧಿಕ ಒತ್ತಡದ ಗಾಳಿ ಬಂದು ಕೂತಿತು. ಚಳಿ ಹೆಚ್ಚಿತೆಂದು ಮನೆಮನೆಯವರು ಒಲೆಗೆ ಇನ್ನಷ್ಟು ಕಲ್ಲಿದ್ದಲು ಹಾಕಿದರು. ಹೊಗೆಯಲ್ಲಿದ್ದ ಗಂಧಕದ ಡೈಆಕ್ಸೈಡ್ ಮಂಜಿನ ಹನಿಗಳಲ್ಲಿ ಕರಗಿ ಆಮ್ಲವಾಯಿತು. ಹೊಗೆ ಮತ್ತು ಮಂಜು ಬೆರೆತ ಈ ಹೊಂಜು ಮಂಗಳವಾರದವರೆಗೆ ಕದಲಲಿಲ್ಲ. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆದರು. ಹೊಂಜು ರಂಗಮಂದಿರದೊಳಗೂ ನುಗ್ಗಿದ್ದರಿಂದ ನಡೆಯುತ್ತಿದ್ದ ಗೀತನಾಟಕವೊಂದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಏದುಸಿರು ಬಿಟ್ಟು ಸತ್ತವು.

ಗಮನಿಸಬೇಕಾದದ್ದು ಏನೆಂದರೆ, ಆ ಐದು ದಿನವೂ ನಗರದಲ್ಲಿ ಗಾಬರಿ ಇರಲಿಲ್ಲ. ಲಂಡನ್ನಿಗೆ ಮಂಜು ಹೊಸದಲ್ಲ. ಬೀದಿಯಲ್ಲಿ ಕುಸಿದು ಬಿದ್ದವರು ಇಲ್ಲ, ಹೆಣಗಳ ರಾಶಿ ಇಲ್ಲ. ಸತ್ತವರು ಮುದುಕರು, ಹಸುಗೂಸುಗಳು, ಮೊದಲೇ ಉಬ್ಬಸವಿದ್ದವರು. ಅವರು ತಮ್ಮ ತಮ್ಮ ಹಾಸಿಗೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ಒಬ್ಬೊಬ್ಬರಾಗಿ ಸತ್ತರು. ಏನೋ ನಡೆದಿದೆ ಎಂದು ಮೊದಲು ಗೊತ್ತಾದದ್ದು ಶವಪೆಟ್ಟಿಗೆ ಸಾಲದೆ ಹೋದಾಗ, ಹೂವಿನ ಅಂಗಡಿಗಳಲ್ಲಿ ಹೂವು ಮುಗಿದಾಗ. ಲೆಕ್ಕದ ಪುಸ್ತಕ ತೆರೆದು ನೋಡಿದರೆ, ವಾಡಿಕೆಗಿಂತ ಸುಮಾರು 4,000 ಸಾವು ಹೆಚ್ಚು. ಮರಣಪತ್ರಗಳಲ್ಲಿ ಬರೆದಿದ್ದದ್ದು ಶ್ವಾಸನಾಳದ ಉರಿಯೂತ, ನ್ಯುಮೋನಿಯಾ, ಹೃದಯ ಸ್ತಂಭನ. ಗಾಳಿ ಎಂಬ ಪದ ಎಲ್ಲೂ ಇರಲಿಲ್ಲ.

ಹೊಂಜು ಕರಗಿದ ಮೇಲೂ ಸಾವಿನ ಸಂಖ್ಯೆ ತಿಂಗಳುಗಟ್ಟಲೆ ಇಳಿಯಲಿಲ್ಲ. ಅಧಿಕೃತ ವರದಿ ಆ ಹೆಚ್ಚಳವನ್ನು ಇನ್‌ಫ್ಲುಯೆನ್ಜಾ ಜ್ವರದ ಖಾತೆಗೆ ಬರೆಯಿತು. ಅರ್ಧ ಶತಮಾನದ ಬಳಿಕ ಅದೇ ಅಂಕಿಗಳನ್ನು ಮತ್ತೆ ಜಾಲಾಡಿದ ಸಂಶೋಧಕರು, ಅಷ್ಟು ಸಾವುಗಳನ್ನು ಆ ವರ್ಷದ ಜ್ವರ ವಿವರಿಸಲಾರದು, ಒಟ್ಟು ಬಲಿ ಸುಮಾರು 12,000 ಇರಬೇಕು ಎಂದರು. ಅಂದರೆ ಎಂಟು ಸಾವಿರ ಜನರ ಸಾವಿನ ಕಾರಣ ಐವತ್ತು ವರ್ಷ ತಪ್ಪು ಕಡತದಲ್ಲಿ ಕೂತಿತ್ತು. ನನಗೆ ಈ ಇಡೀ ಚರಿತ್ರೆಯಲ್ಲಿ ಹೊಗೆಗಿಂತ ಹೆಚ್ಚು ಕಳವಳ ತರುವುದು ಇದೇ.

ಹೊಸ ಕಾನೂನೇನೂ ಬೇಕಿಲ್ಲ ಎಂಬುದು ಮೊದಲ ಪ್ರತಿಕ್ರಿಯೆಯಾಗಿತ್ತು. ಒತ್ತಡ ಬೆಳೆದು ಸಮಿತಿ ನೇಮಕವಾಯಿತು, 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು. ಮನೆಯ ಒಲೆಗಳು ಬದಲಾದವು, ನಗರದ ಆಕಾಶ ನಿಜಕ್ಕೂ ತಿಳಿಯಾಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ವಿದ್ಯುತ್ ಸ್ಥಾವರಗಳ ಚಿಮಣಿಗಳು ಎತ್ತರವಾಗುತ್ತಾ ಹೋದವು. ಮುಚ್ಚಳಕ್ಕಿಂತ ಮೇಲೆ ಹೊಗೆ ಬಿಟ್ಟರೆ ಕೆಳಗಿನವರಿಗೆ ತೊಂದರೆಯಿಲ್ಲ ಎಂಬ ಲೆಕ್ಕ. ಮೇಲೆ ಹೋದ ಗಂಧಕ ಗಾಳಿಯೊಂದಿಗೆ ಸಮುದ್ರ ದಾಟಿತು. ಯುರೋಪಿನ ಕೈಗಾರಿಕಾ ಪ್ರದೇಶಗಳ ಹೊಗೆ ನಮ್ಮ ಕೆರೆಗಳಲ್ಲಿ ಆಮ್ಲವಾಗಿ ಸುರಿಯುತ್ತಿದೆ ಎಂದು 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಒಡೆನ್ ತೋರಿಸಿಕೊಟ್ಟರು. ಸ್ಕ್ಯಾಂಡಿನೇವಿಯಾದ ಎಷ್ಟೋ ಸರೋವರಗಳಲ್ಲಿ ಅಷ್ಟರಲ್ಲಿ ಮೀನೇ ಉಳಿದಿರಲಿಲ್ಲ. ಗಡಿ ದಾಟುವ ಹೊಗೆಯ ಬಗ್ಗೆ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದ್ದು 1979ರಲ್ಲಿ.

ಅತ್ತ ಲಾಸ್ ಏಂಜಲೀಸ್‌ನಲ್ಲಿ ಕಲ್ಲಿದ್ದಲೂ ಇರಲಿಲ್ಲ, ಮಂಜೂ ಇರಲಿಲ್ಲ. ಆದರೂ 1943ರ ಜುಲೈನಲ್ಲಿ ಜನರ ಕಣ್ಣು ಉರಿದು ನೀರು ಸುರಿಯಿತು. ಯುದ್ಧದ ಕಾಲ; ಶತ್ರುಗಳ ವಿಷಾನಿಲ ದಾಳಿಯೆಂದೇ ಕೆಲವರು ಹೆದರಿದರು. ಅನುಮಾನಕ್ಕೀಡಾದ ರಬ್ಬರ್ ಕಾರ್ಖಾನೆಯನ್ನು ನಿಲ್ಲಿಸಿದರೂ ಉರಿ ನಿಲ್ಲಲಿಲ್ಲ. ಒಗಟು ಬಿಡಿಸಿದವರು ಅನಾನಸಿನ ಪರಿಮಳದ ರಸಾಯನವನ್ನು ಅಧ್ಯಯನ ಮಾಡುತ್ತಿದ್ದ ಆರಿ ಹಾಗೆನ್-ಸ್ಮಿಟ್. ವಾಹನಗಳ ಮತ್ತು ತೈಲ ಸಂಸ್ಕರಣಾಗಾರಗಳ ಅನಿಲಗಳು ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿದರು. ಯಾವ ಚಿಮಣಿಯಿಂದಲೂ ಹೊರಬರದ ವಿಷ ಅದು. ಬೀದಿಯ ಮೇಲೆ, ಬಿಸಿಲಲ್ಲಿ ತಯಾರಾಗುವಂಥದ್ದು. ಬಿಸಿಲು ಹೆಚ್ಚಿದಷ್ಟೂ ಅದರ ಅಡುಗೆ ಚುರುಕು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ನಡುವೆ ಕಾರು ಬಿಟ್ಟರೆ ದಾರಿಯಿಲ್ಲ ಎಂಬಂತೆ ನಗರವನ್ನು ಕಟ್ಟಿದ ಮೇಲೆ ಮಾಲಿನ್ಯಕ್ಕೆ ಕಾರ್ಖಾನೆಯೇ ಬೇಕಾಗುವುದಿಲ್ಲ. ನಗರದ ಆಕಾರವೇ ಸಾಕು.

ನಗರದ ಆಕಾರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೆ, ಸೂರ್ಯ ಮುಳುಗಿ ಎರಡು ಗಂಟೆಯಾದ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿದ ಕಾಂಕ್ರೀಟ್ ಗೋಡೆಗೆ ಅಂಗೈ ಇಟ್ಟು ನೋಡಿ. ಜ್ವರ ಬಂದವರ ಹಣೆ ಮುಟ್ಟಿದಂತಿರುತ್ತದೆ. ಮರವಿದ್ದ ಜಾಗದಲ್ಲಿ ಎಲೆಗಳು ನೀರನ್ನು ಆವಿಯಾಗಿಸಿ ಶಾಖವನ್ನು ಖರ್ಚು ಮಾಡುತ್ತಿದ್ದವು. ಗೋಡೆ ಮತ್ತು ಡಾಂಬರು ಹಗಲೆಲ್ಲ ಶಾಖವನ್ನು ಕೂಡಿಟ್ಟು ರಾತ್ರಿ ಬಿಡುತ್ತವೆ. ಎತ್ತರದ ಕಟ್ಟಡಗಳ ನಡುವಿನ ಓಣಿಯಿಂದ ಅದು ಆಕಾಶಕ್ಕೆ ಹೋಗಲೂ ದಾರಿ ಕಿರಿದು. ಅದರ ಮೇಲೆ ಏರ್ ಕಂಡೀಷನರುಗಳು ಒಳಗಿನ ಬಿಸಿಯನ್ನು ಬೀದಿಗೆ ಸುರಿಯುತ್ತವೆ.

ಇದನ್ನು ಮೊದಲು ಅಳೆದದ್ದು ಮೋಡಗಳಿಗೆ ಹೆಸರಿಟ್ಟ ಲ್ಯೂಕ್ ಹೋವರ್ಡ್. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ಹೋಲಿಸಿ, ನಗರದ ರಾತ್ರಿ ಹಳ್ಳಿಯ ರಾತ್ರಿಗಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದೆ ಎಂದು ಅವರು ಬರೆದಿಟ್ಟರು. ಆಗ ಅದು ಕುತೂಹಲದ ಸಂಗತಿ. 1950ರಲ್ಲಿ ಜಗತ್ತಿನ ಹತ್ತು ಜನರಲ್ಲಿ ಮೂವರು ನಗರವಾಸಿಗಳಾಗಿದ್ದರು. 2007ರ ಹೊತ್ತಿಗೆ ಅರ್ಧದಷ್ಟು ಜನ. ಕುತೂಹಲ ಈಗ ಪ್ರಾಣದ ಪ್ರಶ್ನೆಯಾಗಿದೆ. ಬಿಸಿಗಾಳಿಯ ದಿನಗಳಲ್ಲಿ ಜನರನ್ನು ಕೊಲ್ಲುವುದು ಹಗಲಿನ ಬಿಸಿಲಷ್ಟೇ ಅಲ್ಲ, ತಣಿಯದ ರಾತ್ರಿಯೂ ಹೌದು: ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. 1995ರ ಜುಲೈನಲ್ಲಿ ಶಿಕಾಗೋದಲ್ಲಿ 700ಕ್ಕೂ ಹೆಚ್ಚು ಜನ ಸತ್ತಾಗ ಹೆಣಗಳನ್ನು ಇಡಲು ಶೈತ್ಯಾಗಾರದ ಲಾರಿಗಳನ್ನು ತರಿಸಬೇಕಾಯಿತು. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಸತ್ತವರು ಸುಮಾರು 70,000. ಇಲ್ಲಿಯೂ ಸತ್ತವರು ಹೆಚ್ಚಾಗಿ ವೃದ್ಧರು, ಎಷ್ಟೋ ಮಂದಿ ಒಂಟಿಯಾಗಿದ್ದವರು. ಇಲ್ಲಿಯೂ ಎಷ್ಟೋ ಮರಣಪತ್ರಗಳಲ್ಲಿ ಕಂಡದ್ದು ಹೃದಯದ ಹೆಸರು.

ಇತ್ತ ಹೊಗೆ ಕಣ್ಣಿಗೆ ಕಾಣದಷ್ಟು ನುಣ್ಣಗಾಗಿತ್ತು. ಅಮೆರಿಕದ ಆರು ನಗರಗಳಲ್ಲಿ 8,000ಕ್ಕೂ ಹೆಚ್ಚು ಜನರನ್ನು ಒಂದೂವರೆ ದಶಕ ಹಿಂಬಾಲಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಅತಿ ಮಲಿನ ನಗರದಲ್ಲಿ ಸಾವಿನ ಪ್ರಮಾಣ ಅತಿ ಸ್ವಚ್ಛ ನಗರದ್ದಕ್ಕಿಂತ ಶೇ 26ರಷ್ಟು ಹೆಚ್ಚಿತ್ತು. ಕೂದಲೆಳೆಯ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟಿರುವ ಪಿಎಂ 2.5 ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಅವುಗಳಲ್ಲಿ ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಇವುಗಳ ವಾರ್ಷಿಕ ಸರಾಸರಿ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಘನ ಮೀಟರಿಗೆ 10 ಮೈಕ್ರೊಗ್ರಾಂ ಎಂದಿತ್ತು, 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಅದರ ಅಳತೆಯಂತೆ ಭೂಮಿಯ ಮೇಲಿನ ನೂರಕ್ಕೆ 99 ಜನ ಮಿತಿ ಮೀರಿದ ಗಾಳಿಯನ್ನೇ ಉಸಿರಾಡುತ್ತಿದ್ದಾರೆ.

ಇನ್ನು ಹವಾಮಾನ ಬದಲಾವಣೆ. ವಿಷಯ ನಿಜಕ್ಕೂ ಸಿಕ್ಕಾಗುವುದು ಇಲ್ಲಿ. ಗಂಧಕದ ಕಣಗಳು ಬಿಸಿಲನ್ನು ಹಿಂದಕ್ಕೆ ಚದುರಿಸಿ ಭೂಮಿಯನ್ನು ತಂಪಾಗಿಸುತ್ತವೆ. 1991ರಲ್ಲಿ ಪಿನಟೂಬೊ ಜ್ವಾಲಾಮುಖಿ ಸಿಡಿದ ಮೇಲೆ ಜಗತ್ತು ಅರ್ಧ ಡಿಗ್ರಿಯಷ್ಟು ತಣಿದದ್ದು ಇದರಿಂದಲೇ. ಮನುಷ್ಯರ ಹೊಗೆಯೂ ಅದನ್ನೇ ಮಾಡುತ್ತಿದೆ. ಹಸಿರುಮನೆ ಅನಿಲಗಳು ತಂದ ಬಿಸಿಯಲ್ಲಿ ಸುಮಾರು 0.4 ಡಿಗ್ರಿಯಷ್ಟನ್ನು ಕಣಗಳು ಮರೆಮಾಚಿವೆ ಎಂಬುದು ಅಂತರ್‌ಸರ್ಕಾರಿ ಹವಾಮಾನ ಸಮಿತಿಯ 2021ರ ಅಂದಾಜು. ಮಸಿಯ ಕಣಗಳು ಇದಕ್ಕೆ ವಿರುದ್ಧ: ಬಿಸಿಲನ್ನು ಹೀರಿ ಕಾಯುತ್ತವೆ, ಹಿಮದ ಮೇಲೆ ಬಿದ್ದರೆ ಅದನ್ನು ಬೇಗ ಕರಗಿಸುತ್ತವೆ. ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು 2020ರ ಜನವರಿಯಿಂದ ಶೇ 3.5ರಿಂದ ಶೇ 0.5ಕ್ಕೆ ಇಳಿಸಿದ ಮೇಲೆ, ಗಾಳಿ ಶುಚಿಯಾದಂತೆ ಭೂಮಿ ಇನ್ನಷ್ಟು ಬೇಗ ಕಾಯುತ್ತದೆಯೇ ಎಂಬ ಚರ್ಚೆ ಜೋರಾಗಿದೆ.

ಹಾಗಾದರೆ ಹೊಗೆ ಇರಲಿ ಎನ್ನಲು ಬರುತ್ತದೆಯೇ? ಆ ತಂಪಿನ ಬೆಲೆಯನ್ನು ತೆರುತ್ತಿರುವುದು ಯಾರದೋ ಶ್ವಾಸಕೋಶ. ಅಲ್ಲದೆ ಕಣಗಳು ಒಂದೆರಡು ವಾರದಲ್ಲಿ ಮಳೆಗೆ ತೊಳೆದುಹೋಗುತ್ತವೆ. ಅದೇ ಚಿಮಣಿಯಿಂದ ಹೊರಟ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಉರಿಸುವುದನ್ನೇ ಕಡಿಮೆ ಮಾಡಿದರೆ ಎರಡೂ ಇಳಿಯುತ್ತವೆ. ಆದರೆ ಧೂಳಿನ ಕಡತ ಒಂದು ಮೇಜಿನ ಮೇಲಿದೆ, ಬಿಸಿಗಾಳಿಯದು ಇನ್ನೊಂದರ ಮೇಲೆ, ರಸ್ತೆ ಮತ್ತು ಕಟ್ಟಡಗಳ ನಕ್ಷೆ ಮತ್ತೊಂದರ ಮೇಲೆ. ಮೂರನ್ನೂ ಒಟ್ಟಿಗೆ ಸಹಿಸುತ್ತಿರುವುದು ಒಂದೇ ದೇಹ.

ಲಂಡನ್ನಿನಲ್ಲಿ ವಾಹನ ದಟ್ಟಣೆಯ ರಸ್ತೆಯೊಂದರ ಹತ್ತಿರ ವಾಸವಿದ್ದ ಒಂಬತ್ತು ವರ್ಷದ ಬಾಲಕಿ 2013ರ ಫೆಬ್ರುವರಿಯಲ್ಲಿ ತೀರಿಕೊಂಡಳು. ತೀವ್ರ ಅಸ್ತಮಾದಿಂದ ಉಸಿರಾಟ ವಿಫಲವಾಯಿತು ಎಂದು ಮೊದಲ ವಿಚಾರಣೆ ಹೇಳಿತು. ಆಕೆಯ ತಾಯಿ ಬಿಡಲಿಲ್ಲ. ಆ ತೀರ್ಪು ರದ್ದಾಗಿ ಹೊಸ ವಿಚಾರಣೆ ನಡೆಯಿತು. 2020ರ ಡಿಸೆಂಬರ್‌ನಲ್ಲಿ, ಆ ಐದು ದಿನಗಳ ಹೊಂಜು ಕರಗಿ 68 ವರ್ಷವಾದ ಮೇಲೆ, ಅದೇ ನಗರದ ಮರಣ ವಿಚಾರಣಾಧಿಕಾರಿ ಆಕೆಯ ಸಾವಿನ ಕಾರಣಗಳ ಸಾಲಿನಲ್ಲಿ ವಾಯುಮಾಲಿನ್ಯವನ್ನೂ ಬರೆದರು. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಸಾವಿನ ಕಾರಣಗಳಲ್ಲಿ ಆ ಪದ ಸೇರಿದ್ದು ಅದೇ ಮೊದಲು.