ಗೆದ್ದವನು ಪುಲಕೇಶಿ, ಹಾಜರಿ ಪುಸ್ತಕದಲ್ಲಿ ಹರ್ಷ

ನರ್ಮದೆಯ ತೀರದಲ್ಲಿ ಗೆದ್ದವನು ಇಮ್ಮಡಿ ಪುಲಕೇಶಿ. ಸೋತು ಹಿಂದೆ ಸರಿದವನು ಕನೌಜಿನ ಹರ್ಷವರ್ಧನ. ಇದನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ನಮ್ಮವನು ಗೆದ್ದ ಅಂತ ಎದೆ ಉಬ್ಬಿಸಿದ್ದೇವೆ. ಈಗ ಅದೇ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ಹರ್ಷ, ಹರ್ಷಿತ್, ಹರ್ಷವರ್ಧನ್, ಶ್ರೀಹರ್ಷ ಎಲ್ಲರೂ ಇರುತ್ತಾರೆ. ಪುಲಕೇಶಿ? ಒಬ್ಬ ಸಿಕ್ಕರೆ ಅದೇ ಜಾಸ್ತಿ. ಬೆಂಗಳೂರಿನಲ್ಲಿ ಫ್ರೇಜರ್ ಟೌನಿಗೆ ಪುಲಕೇಶಿನಗರ ಅಂತ ಹೆಸರಿಟ್ಟಿದ್ದೇವೆ. ಬಡಾವಣೆಗೆ ಇಟ್ಟ ಹೆಸರನ್ನು ಮಗನಿಗೆ ಇಡುವವರು ಮಾತ್ರ ಅಪರೂಪ.

ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರಗಳು ಗೊತ್ತೇ ಇವೆ. ಹೆಸರು ಭಾರ, ಸಂಖ್ಯಾಶಾಸ್ತ್ರಕ್ಕೆ ಕೂಡಿ ಬರಲ್ಲ, ನಕ್ಷತ್ರದ ಅಕ್ಷರಕ್ಕೆ ಹೊಂದಲ್ಲ. ನನಗೆ ಇವು ಯಾವುವೂ ಒಪ್ಪಿಗೆಯಿಲ್ಲ. ಹೆಸರುಗಳ ಏಳುಬೀಳು ಮುಕ್ಕಾಲು ಪಾಲು ನಕಲಿನ ಲೆಕ್ಕ. ಯಾರು ಯಾರನ್ನು ನೋಡಿ ಹೆಸರಿಟ್ಟರು, ಆರಂಭದಲ್ಲಿ ಎಷ್ಟು ಜನರಿಗೆ ಆ ಹೆಸರಿತ್ತು ಅನ್ನುವುದರ ಲೆಕ್ಕ. ಪರಾಕ್ರಮಕ್ಕೆ ಅಲ್ಲಿ ಸಣ್ಣ ಪಾಲು ಅಷ್ಟೇ.

ಮೊದಲು ಹೆಸರಿನ ಮೂಲ. ಶಾಸನಗಳಲ್ಲಿ ಇದು ಒಂದೇ ರೀತಿ ಇಲ್ಲ. ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಮೂರೂ ಸಿಗುತ್ತವೆ. ‘ಕೇಶಿ’ಯನ್ನು ಸಾಮಾನ್ಯವಾಗಿ ಕೂದಲುಳ್ಳವನು ಎಂದೇ ಅರ್ಥ ಮಾಡುತ್ತಾರೆ. ಹೆಚ್ಚಿನ ಜಗಳ ಇರುವುದು ಮೊದಲರ್ಧದಲ್ಲಿ. ಹಳಗನ್ನಡದ ಪುಲಿ, ಅಂದರೆ ಹುಲಿ ಎನ್ನುವವರು ಒಂದು ಕಡೆ. ಹೊಳೆಯುವುದು ಎಂಬ ಅರ್ಥದ ಕನ್ನಡ ಧಾತು ಎನ್ನುವವರು ಇನ್ನೊಂದು ಕಡೆ. ಸಂಸ್ಕೃತದ ‘ಪುಲ’, ಅಂದರೆ ದೊಡ್ಡದು ಎನ್ನುವವರು ಮತ್ತೊಂದು ಕಡೆ. ಹುಲಿಯ ವಾದ ಸರಿಯಾಗಿದ್ದರೆ ಒಂದು ಸ್ವಾರಸ್ಯ ಇದೆ. ಕನ್ನಡದಲ್ಲಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಹುಲಿಗೆರೆಯಾಯಿತು. ಜನರ ಬಾಯಲ್ಲಿ ದಿನವೂ ಓಡಾಡುವ ಮಾತು ಹೀಗೆ ಸವೆಯುತ್ತದೆ. ಈ ಹೆಸರು ಮನೆಮನೆಯಲ್ಲಿ ಬಳಕೆಯಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಹುಲಿಕೇಶಿಯೋ ಹುಲಿಗೇಶಿಯೋ ಆಗಿರಬೇಕಿತ್ತು. ಆಗಿಲ್ಲ. ಆ ‘ಪ’ ಹಾಗೇ ಉಳಿದಿರುವುದು ಹೆಸರು ನಮಗೆ ಅಜ್ಜ ಅಜ್ಜಿಯರ ಬಾಯಿಂದಲ್ಲ, ಕಲ್ಲು ಮತ್ತು ಕಾಗದದಿಂದ ಬಂದಿದೆ ಎಂಬುದಕ್ಕೆ ಸುಳಿವು ಅಂತ ನನ್ನ ಎಣಿಕೆ.

ಇನ್ನೊಂದು ಮಜಾ ಏನೆಂದರೆ ಇಮ್ಮಡಿ ಪುಲಕೇಶಿ ಹುಟ್ಟುವಾಗ ಪುಲಕೇಶಿಯೇ ಅಲ್ಲ. ಪೆದ್ದವಡುಗೂರು ಶಾಸನದ ಆಧಾರದ ಮೇಲೆ ಇತಿಹಾಸಕಾರರು ಅವನ ಮೊದಲ ಹೆಸರು ಎರೆಯ ಎನ್ನುತ್ತಾರೆ. ಚಿಕ್ಕಪ್ಪ ಮಂಗಳೇಶನನ್ನು ಸೋಲಿಸಿ ಪಟ್ಟಕ್ಕೆ ಬಂದಾಗ ಅಜ್ಜನ ಹೆಸರು ತೆಗೆದುಕೊಂಡ. ಅಜ್ಜ, ಅಂದರೆ 543ರಲ್ಲಿ ಬಾದಾಮಿಯ ಕೋಟೆ ಕಟ್ಟಿದ ಮೊದಲನೇ ಪುಲಕೇಶಿ. ಅಲ್ಲಿಗೆ ಒಂದು ನಕಲು ಆಯಿತು. 738-39ರ ಹೊತ್ತಿಗೆ ಗುಜರಾತಿನ ನವಸಾರಿಯಲ್ಲಿ ಅರಬ್ಬರ ಸೈನ್ಯವನ್ನು ಹಿಮ್ಮೆಟ್ಟಿಸಿದ ಚಾಲುಕ್ಯ ಶಾಖೆಯ ರಾಜನ ಹೆಸರೂ ಪುಲಕೇಶಿ. ಎರಡನೇ ನಕಲು. ಆಮೇಲೆ?

ಆಮೇಲೆ ನಿಂತೇಹೋಯಿತು. ಕಲ್ಯಾಣದ ಚಾಲುಕ್ಯರ ಪಟ್ಟಿ ನೋಡಿ. ತೈಲಪ, ವಿಕ್ರಮಾದಿತ್ಯ, ಜಯಸಿಂಹ, ಸೋಮೇಶ್ವರ, ಮತ್ತೆ ವಿಕ್ರಮಾದಿತ್ಯ, ಮತ್ತೆ ಸೋಮೇಶ್ವರ. ಬಾದಾಮಿಯ ವಂಶ ನಮ್ಮದು ಅಂತ ಹೆಮ್ಮೆಯಿಂದ ಹೇಳಿಕೊಂಡವರು ಇವರು. ತಮ್ಮನ್ನು ‘ಸತ್ಯಾಶ್ರಯ ಕುಲತಿಲಕ’ ಎಂದು ಕರೆದುಕೊಂಡರು. ಸತ್ಯಾಶ್ರಯ ಯಾರು? ಪುಲಕೇಶಿಯೇ, ಅದು ಅವನ ಬಿರುದು. 997ರಲ್ಲಿ ಪಟ್ಟಕ್ಕೆ ಬಂದ ಒಬ್ಬ ರಾಜನಿಗಂತೂ ಸತ್ಯಾಶ್ರಯ ಅಂತಲೇ ಹೆಸರು. ಬಿರುದನ್ನು ಎತ್ತಿಕೊಂಡರು, ಹೆಸರನ್ನು ಬಿಟ್ಟರು. ಒಬ್ಬನಾದರೂ ಮೂರನೇ ಪುಲಕೇಶಿ ಅಂತ ಪಟ್ಟಕ್ಕೆ ಕೂತಿದ್ದರೆ ನಾಲ್ಕನೆಯವನೂ ಬರುತ್ತಿದ್ದನೋ ಏನೋ, ವಿಕ್ರಮಾದಿತ್ಯರು ಆರರವರೆಗೆ ಹೋಗಲಿಲ್ಲವೇ? ಮುಂದೆ ಈ ಹೆಸರು ಜನರ ಗಮನಕ್ಕೆ ಬಂದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್ ಐಹೊಳೆಯ ಮೇಗುತಿ ದೇಗುಲದ ಶಾಸನವನ್ನು ಓದಿ ಪ್ರಕಟಿಸಿದ ಮೇಲೆ. 634-35ರಲ್ಲಿ ರವಿಕೀರ್ತಿ ಬರೆದ ಶಾಸನ ಅದು. ಅದರಲ್ಲೊಂದು ತಮಾಷೆ: ಆನೆಗಳನ್ನು ಕಳೆದುಕೊಂಡು ಭಯಪಟ್ಟ ಹರ್ಷನ ಹರ್ಷವೇ ಕರಗಿಹೋಯಿತಂತೆ. ತನ್ನನ್ನು ಕಾಳಿದಾಸ, ಭಾರವಿಗಳ ಪಕ್ಕದಲ್ಲಿ ಕೂರಿಸಿಕೊಂಡ ಕವಿ, ಇಷ್ಟಾದರೂ ಮಾಡಬೇಡವೇ?

ಈಗ ಲೆಕ್ಕಕ್ಕೆ ಬರೋಣ. ನನಗೆ ಇಷ್ಟದ ಭಾಗ ಇದೇ, ಸ್ವಲ್ಪ ಉದ್ದವಾಗುತ್ತದೆ.

ಒಂದು ಕಾಲ್ಪನಿಕ ಊರು. ಪ್ರತಿ ತಲೆಮಾರಿನಲ್ಲೂ ಸರಿಯಾಗಿ 1000 ಗಂಡುಮಕ್ಕಳು. ಹೆಸರಿಡುವವರಿಗೆ ಸ್ವಂತ ಬುದ್ಧಿಯೇ ಇಲ್ಲ: ಹಿಂದಿನ ತಲೆಮಾರಿನ ಪಟ್ಟಿಯ ಮೇಲೆ ಕಣ್ಣುಮುಚ್ಚಿ ಬೆರಳಿಟ್ಟು, ಸಿಕ್ಕ ಹೆಸರನ್ನು ಮಗುವಿಗೆ ಇಡುತ್ತಾರೆ. ಒಳ್ಳೆಯ ಹೆಸರು, ಕೆಟ್ಟ ಹೆಸರು ಅಂತ ಯಾವುದೂ ಇಲ್ಲ. ಪಟ್ಟಿಯಲ್ಲಿ 100 ಹರ್ಷ, ಒಬ್ಬ ಪುಲಕೇಶಿ.

ಮುಂದಿನ ತಲೆಮಾರಿನಲ್ಲಿ ಪುಲಕೇಶಿ ಒಬ್ಬನೂ ಇಲ್ಲದಿರುವ ಸಾಧ್ಯತೆ ಎಷ್ಟು? ಒಂದು ಮನೆಯವರ ಬೆರಳು ಅವನ ಮೇಲೆ ಬೀಳದಿರುವ ಸಾಧ್ಯತೆ 999/1000. ಇದನ್ನು ಸಾವಿರ ಸಲ ಗುಣಿಸಿ. ಸುಮಾರು 0.37 ಬರುತ್ತದೆ. ಅಂದರೆ ಒಂದೇ ತಲೆಮಾರಿನಲ್ಲಿ ಹೆಸರು ಅಳಿಸಿಹೋಗುವ ಸಾಧ್ಯತೆ ಶೇ. 37. ಎರಡನೇ ತಲೆಮಾರಿನ ಹೊತ್ತಿಗೆ ಶೇ. 53. ಐದನೆಯದಕ್ಕೆ ಶೇ. 73. ಯಾರೂ ಆ ಹೆಸರನ್ನು ಬೇಡ ಅನ್ನಲಿಲ್ಲ, ಹೀಯಾಳಿಸಲಿಲ್ಲ, ಗ್ರಹಗತಿ ನೋಡಲಿಲ್ಲ. ಸುಮ್ನೆ ಹೋಯಿತು. ಅದೇ 100 ಹರ್ಷರ ಗತಿ? ಮುಂದಿನ ತಲೆಮಾರಿನಲ್ಲಿ ಬಹುಮಟ್ಟಿಗೆ 80ರಿಂದ 120ರ ಒಳಗೆ ಇರುತ್ತಾರೆ. ಅಳಿಯುವ ಮಾತೇ ಇಲ್ಲ. ಎರಡು ಹೆಸರಿಗೂ ಇಲ್ಲಿ ಒಂದೇ ನಿಯಮ, ವ್ಯತ್ಯಾಸ ಇರುವುದು ಆರಂಭದ ಸಂಖ್ಯೆಯಲ್ಲಿ. ಹುಟ್ಟಿದ್ದು ಒಬ್ಬನ ಬದಲು ಐವರು ಪುಲಕೇಶಿಗಳಾಗಿದ್ದರೆ ಮೊದಲ ತಲೆಮಾರಿನಲ್ಲೇ ಅಳಿಯುವ ಸಾಧ್ಯತೆ ಶೇ. 1ಕ್ಕಿಂತ ಕೆಳಗಿಳಿಯುತ್ತದೆ. ಒಂದಕ್ಕೂ ಐದಕ್ಕೂ ನಡುವೆ ಅಷ್ಟು ದೊಡ್ಡ ಕಂದಕ.

ಇದು ಆಟದ ಲೆಕ್ಕ ಮಾತ್ರ ಅಂದುಕೊಳ್ಳಬೇಡಿ. 1870ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್‌ಗೆ ಇದೇ ತಲೆಬಿಸಿ ಇತ್ತು, ಇಂಗ್ಲೆಂಡಿನ ದೊಡ್ಡ ಮನೆತನಗಳ ಹೆಸರುಗಳು ಯಾಕೆ ಅಳಿಯುತ್ತಿವೆ ಅಂತ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಲೆಕ್ಕ ಮಾಡಿಕೊಟ್ಟ, 1874ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. 1927ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅದೇ ಗಣಿತವನ್ನು ಜೀನುಗಳಿಗೆ ಹಚ್ಚಿದ. ಅವನ ಫಲಿತಾಂಶ ನೋಡಿದರೆ ಬೆರಗಾಗುತ್ತದೆ. ಹೊಸದಾಗಿ ಹುಟ್ಟಿದ ಜೀನ್ ಒಂದು ಜೀವಿಗೆ ಸಂತಾನದ ಲೆಕ್ಕದಲ್ಲಿ ಶೇ. 1ರಷ್ಟು ಲಾಭ ತಂದರೂ ಅದು ಉಳಿಯುವ ಸಾಧ್ಯತೆ ಸುಮಾರು ಶೇ. 2 ಮಾತ್ರ. ಒಳ್ಳೆಯ ಜೀನ್ ಆಗಿದ್ದೂ ನೂರಕ್ಕೆ ತೊಂಬತ್ತೆಂಟು ಸಲ ಆರಂಭದಲ್ಲೇ ಕಳೆದುಹೋಗುತ್ತದೆ. (ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲೇ ನೆಲೆಸಿದ, ಭುವನೇಶ್ವರದಲ್ಲಿ 1964ರಲ್ಲಿ ತೀರಿಕೊಂಡ. ಅವನ ಬಗ್ಗೆ ಬರೆಯಲು ಕೂತರೆ ಪುಲಕೇಶಿ ಮರೆತೇಹೋಗುತ್ತಾನೆ, ಬೇಡ.) ನರ್ಮದೆಯ ಗೆಲುವು ಪುಲಕೇಶಿಯ ಹೆಸರಿಗೆ ಸಿಕ್ಕ ಅಂಥದ್ದೊಂದು ಸಣ್ಣ ಲಾಭ. ಅದು ಸಾಲಲಿಲ್ಲ.

ಮಕ್ಕಳ ಹೆಸರಿಗೇ ಈ ಲೆಕ್ಕ ಹಚ್ಚಿದವರು ಮ್ಯಾಥ್ಯೂ ಹಾನ್ ಮತ್ತು ಅಲೆಕ್ಸ್ ಬೆಂಟ್ಲಿ, 2003ರಲ್ಲಿ. ಅಮೆರಿಕದಲ್ಲಿ 1880ರಿಂದ ಹೆಸರುಗಳ ವರ್ಷವಾರು ಎಣಿಕೆ ಸಿಗುತ್ತದೆ, ಐದು ಮಕ್ಕಳಿಗಾದರೂ ಇಟ್ಟ ಹೆಸರು ಪಟ್ಟಿಗೆ ಬರುತ್ತದೆ. 20ನೇ ಶತಮಾನದ ಹೆಸರುಗಳನ್ನು ನೋಡಿ ಅವರು ಕಂಡುಕೊಂಡದ್ದು: ಕಣ್ಣುಮುಚ್ಚಿ ನಕಲು ಮಾಡುವ ಜನ, ನಡುನಡುವೆ ಯಾರೋ ಹುಟ್ಟಿಸುವ ಹೊಸ ಹೆಸರು, ಇಷ್ಟೇ ಇದ್ದರೂ ನಿಜವಾದ ಪಟ್ಟಿಯ ಆಕಾರ ಬಂದುಬಿಡುತ್ತದೆ. ಬೆರಳೆಣಿಕೆಯ ಹೆಸರು ಎಲ್ಲೆಲ್ಲೂ, ಉಳಿದ ಸಾವಿರಾರು ಮೂಲೆಮೂಲೆಯಲ್ಲಿ.

ಹಾಗಂತ ಅಪ್ಪ ಅಮ್ಮಂದಿರು ನಿಜಕ್ಕೂ ಕಣ್ಣುಮುಚ್ಚಿ ಇಡುತ್ತಾರೆಯೇ? ಇಲ್ಲ. 2022ರಲ್ಲಿ ಮಿಚೆಲ್ ನ್ಯೂಬೆರಿ ಮತ್ತು ಜೋಶುವಾ ಪ್ಲಾಟ್ಕಿನ್ ತೋರಿಸಿದ ಹಾಗೆ, ಹೆಸರು ತುಂಬಾ ಸಾಮಾನ್ಯವಾದರೆ ಜನ ಅದರಿಂದ ದೂರ ಸರಿಯುತ್ತಾರೆ, ಅಪರೂಪದ ಹೆಸರಿಗೆ ಅದೇ ಒಂದು ಬಲ. ಅತಿ ವೇಗವಾಗಿ ಏರಿದ ಹೆಸರು ಅಷ್ಟೇ ವೇಗವಾಗಿ ಬೀಳುತ್ತದೆ ಎಂಬುದೂ ಫ್ರಾನ್ಸ್, ಅಮೆರಿಕಗಳ ದಾಖಲೆಗಳಲ್ಲಿ ಕಂಡಿದೆ. ಸದ್ದಿಗೂ ಪಾಲಿದೆ. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದಲ್ಲಿ ‘ಕ’ ಸದ್ದಿನಿಂದ ಶುರುವಾಗುವ ಹೆಸರುಗಳು ಹೆಚ್ಚಾದವು. ಊರನ್ನೇ ಮುಳುಗಿಸಿದ ಗಾಳಿಯ ಹೆಸರು ಕಿವಿಯಲ್ಲಿ ಗುಂಯ್ಗುಟ್ಟುತ್ತಿತ್ತು, ಅದರ ಸದ್ದು ಮಕ್ಕಳ ಹೆಸರಿಗೆ ಜಾರಿತು.

ಪುಲಕೇಶಿಗೆ ಕಷ್ಟ ಇರುವುದು ಇಲ್ಲಿ ಅನ್ನಿಸುತ್ತದೆ. ಈಗಿನ ಗಂಡುಮಕ್ಕಳ ಹೆಸರು ಎರಡು, ಹೆಚ್ಚೆಂದರೆ ಮೂರು ಅಕ್ಷರ, ಕೊನೆಗೆ ಅನ್, ಇತ್, ಆಂಶ್. ಅದಕ್ಕೆ ಸದ್ದಿನ ನೆಂಟರು ಬೇಕಾದಷ್ಟು. ನಾಲ್ಕು ಅಕ್ಷರದ, ‘ಶಿ’ಯಲ್ಲಿ ಮುಗಿಯುವ ಗಂಡು ಹೆಸರಿಗೆ ನೆಂಟರು ಯಾರಿದ್ದಾರೆ? ಹರ್ಷನಿಗೆ ಹರ್ಷಿತ್, ಹರ್ಷಲ್, ಹರ್ಷಿಣಿ, ಹರ್ಷಿತಾ ಅಂತ ದೊಡ್ಡ ಬಳಗವೇ ಇದೆ, ಮೇಲಾಗಿ ಸಂತೋಷ ಎಂಬ ಅರ್ಥಕ್ಕೆ ಯಾವ ರಾಜನ ಹಂಗೂ ಬೇಕಿಲ್ಲ. ಮಗನಿಗೆ ಹರ್ಷ ಅಂತ ಹೆಸರಿಡುವ ಮನೆಯಲ್ಲಿ ಕನೌಜಿನ ನೆನಪೇ ಇರುವುದಿಲ್ಲ.

ನಕ್ಷತ್ರದ ಅಕ್ಷರದ ಮಾತು ಬಾಕಿ ಇತ್ತು. ಪಂಚಾಂಗದಲ್ಲಿ 27 ನಕ್ಷತ್ರ, ತಲಾ ನಾಲ್ಕು ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದೊಂದು ಪಾದದಲ್ಲಿ ಹೆಚ್ಚುಕಮ್ಮಿ ಆರು ಗಂಟೆ ಇರುತ್ತಾನೆ, ಹಾಗಾಗಿ ಹುಟ್ಟುವ ಮಕ್ಕಳು 108 ಅಕ್ಷರಗಳಿಗೂ ಸುಮಾರು ಸಮಸಮವಾಗಿ ಹಂಚಿಹೋಗಬೇಕು. ಹಸ್ತಾ ನಕ್ಷತ್ರದ ನಾಲ್ಕು ಪಾದ ನೋಡಿ: ಪೂ, ಷ, ಣ, ಠ. ಪುಲಕೇಶಿ ಮೊದಲ ಪಾದಕ್ಕೆ ಚೆನ್ನಾಗಿಯೇ ಕೂರುತ್ತಾನೆ, ನಕ್ಷತ್ರದ ಕಡೆಯಿಂದ ಅಡ್ಡಿಯೇನೂ ಇಲ್ಲ. ಮೂರನೇ ಪಾದದಲ್ಲಿ ಹುಟ್ಟಿದವರಿಗೆ? ‘ಣ’ದಿಂದ ಶುರುವಾಗುವ ಹೆಸರು. ಆರ್ದ್ರಾ ಮೂರನೇ ಪಾದಕ್ಕೆ ‘ಙ’. ಲೆಕ್ಕ ಪಾಲಿಸಿದರೆ ನಮ್ಮಲ್ಲಿ ಪ್ರತಿ 108 ಜನರಲ್ಲಿ ಒಬ್ಬನ ಹೆಸರು ‘ಣ’ದಿಂದ, ಇನ್ನೊಬ್ಬನದು ‘ಙ’ದಿಂದ ಶುರುವಾಗಬೇಕು. ನಿಮಗೆ ಅಂಥವರು ಯಾರಾದರೂ ಗೊತ್ತೇ? ಅಲ್ಲೆಲ್ಲ ಬೇರೆ ಅಕ್ಷರ ಹೊಂದಿಸಿಕೊಡುತ್ತಾರೆ, ಇಲ್ಲವೇ ಜನ್ಮನಾಮ ಒಂದು, ಕರೆಯುವ ಹೆಸರು ಇನ್ನೊಂದು ಅಂತ ಬಗೆಹರಿಸುತ್ತಾರೆ. ಬೇಕಾದಾಗ ಬಗ್ಗುವ ನಿಯಮಕ್ಕೆ ಹೆದರಿ ಒಂದು ಹೆಸರನ್ನು ಕೈಬಿಡುವುದು ನನಗಂತೂ ಅರ್ಥವಾಗುವುದಿಲ್ಲ.

ಮಗನಿಗೆ ಪುಲಕೇಶಿ ಅಂತ ಇಡಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿದ್ದರೆ ಹನ್ನೊಂದನೇ ದಿನಕ್ಕೇ ತೀರ್ಮಾನ ಮಾಡಬೇಕಿಲ್ಲ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಪುಲಕೇಶಿಯೋ ಪುಲಿಕೇಶಿಯೋ ಅಂತ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ, ಚಾಲುಕ್ಯರ ಹಾಗೆ ಮೂರು ಥರ ಬರೆದರೆ ಪಾಸ್‌ಪೋರ್ಟ್ ಮಾಡಿಸುವಾಗ ಕಷ್ಟವಾಗುತ್ತದೆ.