ಟಿ2*: ಕಡಿಮೆ ಬಂದಷ್ಟೂ ಚಿಂತೆ ಜಾಸ್ತಿ

ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ, ಪದೇ ಪದೇ ರಕ್ತ ಹಾಕಿಸಬೇಕಾಗುವ ರಕ್ತದ ಕಾಯಿಲೆ) ಇರುವವರ ಫೈಲಿನಲ್ಲಿ ಇಂಥದ್ದೊಂದು ಸಾಲು ಸಿಗುತ್ತದೆ: ‘ಹೃದಯದ ಟಿ2* 9 ಮಿಲಿಸೆಕೆಂಡ್’. ಹೃದಯದಲ್ಲಿ ಕಬ್ಬಿಣದ ಅಂಶ ಎಷ್ಟು ಸೇರಿದೆ ಅಂತ ಕೇಳಿದರೆ ಟೈಮ್ ಹೇಳುತ್ತಿದ್ದಾರಲ್ಲ! ಹೌದು, ‘ಟಿ ಟೂ ಸ್ಟಾರ್’ ಒಂದು ಸಮಯವೇ.

ಮೈಯಲ್ಲಿ ಜಾಸ್ತಿಯಾದ ಕಬ್ಬಿಣವನ್ನು ಹೊರಗೆ ಹಾಕಲು ದೇಹಕ್ಕೆ ದಾರಿಯೇ ಇಲ್ಲ. ನಮ್ಮಲ್ಲಿ ಇರುವುದೇ ಒಟ್ಟು 3–4 ಗ್ರಾಂ. ಒಂದು ಯೂನಿಟ್ ರಕ್ತ ಏರಿಸಿದರೆ ಸುಮಾರು 200–250 ಮಿಲಿಗ್ರಾಂ ಸೇರಿಕೊಳ್ಳುತ್ತದೆ. ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವವರ ಲೆಕ್ಕ ನೀವೇ ಹಾಕಿ. ಅದು ಲಿವರ್‌ನಲ್ಲಿ, ಆಮೇಲೆ ಹೃದಯದಲ್ಲಿ ಹೋಗಿ ಕೂರುತ್ತದೆ.

ರಕ್ತದ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ಟೆಸ್ಟ್ ಅಗ್ಗ, ಸುಲಭ. ಆದರೆ ಜ್ವರ, ಸೋಂಕು ಬಂದರೂ ಫೆರಿಟಿನ್ ಏರುತ್ತದೆ. ಲಿವರ್‌ನಿಂದ ಸೂಜಿ ಹಾಕಿ ಚೂರು ತೆಗೆದು ನೋಡಬಹುದು. ಹೃದಯಕ್ಕೆ ಪದೇ ಪದೇ ಹಾಗೆ ಮಾಡೋಕಾಗುತ್ತಾ? ಲಿವರ್ ಚೆನ್ನಾಗಿದ್ದರೆ ಹೃದಯವೂ ಚೆನ್ನಾಗಿದೆ ಅನ್ನುವಂತೆಯೂ ಇಲ್ಲ. ಇದೇ ಮೋಸದ ಜಾಗ.

ಇಲ್ಲಿ ಎಂಆರ್‌ಐ ಸಹಾಯಕ್ಕೆ ಬರುತ್ತದೆ. ದೇವಸ್ಥಾನದ ಗಂಟೆ ಬಾರಿಸಿದರೆ ನಾದ ನಿಧಾನಕ್ಕೆ ಅಡಗುತ್ತದೆ. ಗಂಟೆಯನ್ನು ಕೈಯಲ್ಲಿ ಹಿಡಿದರೆ ಟಕ್ಕಂತ ನಿಲ್ಲುತ್ತದೆ. ಎಂಆರ್‌ಐ ಯಂತ್ರ ಮೈಯೊಳಗಿನ ನೀರಿನಿಂದ ಬರುವ ಸಿಗ್ನಲ್ ಕೇಳಿಸಿಕೊಳ್ಳುತ್ತದೆ. ಕಬ್ಬಿಣದ ಕಣಗಳು ಪುಟ್ಟ ಅಯಸ್ಕಾಂತಗಳಂತೆ ಅಡ್ಡಬಂದು ಆ ಸಿಗ್ನಲನ್ನು ಬೇಗ ಅಡಗಿಸುತ್ತವೆ. ಎಷ್ಟು ಬೇಗ ಅಡಗಿತು ಅನ್ನುವ ಲೆಕ್ಕವೇ ಟಿ2*. ಹಾಗಾಗಿ ಸಂಖ್ಯೆ ಇಳಿದಷ್ಟೂ ಕಬ್ಬಿಣ ಜಾಸ್ತಿ. ಶುಗರ್ ರಿಪೋರ್ಟ್ ಓದಿ ಅಭ್ಯಾಸವಾದವರು ಇಲ್ಲೇ ಎಡವುತ್ತಾರೆ.

ಸೂಜಿಯಿಲ್ಲ, ಡೈ ಬೇಕಿಲ್ಲ. ಹೃದಯದ ಎಡ–ಬಲ ಕೋಣೆಗಳ ನಡುವಿನ ಗೋಡೆಯನ್ನು ಆರಿಸಿಕೊಂಡು, ಒಂದೇ ಉಸಿರು ಹಿಡಿಸಿ, ಬೆನ್ನುಬೆನ್ನಿಗೆ ಹಲವು ಚಿತ್ರ ತೆಗೆಯುತ್ತಾರೆ. ಕಬ್ಬಿಣ ತುಂಬಿದ್ದರೆ ಆ ಗೋಡೆ ಎರಡು ಮೂರು ಚಿತ್ರದೊಳಗೇ ಕಪ್ಪಾಗಿಬಿಡುತ್ತದೆ. 2001ರಲ್ಲಿ ಲಂಡನ್ನಿನ ತಂಡವೊಂದು ಈ ವಿಧಾನವನ್ನು ಪ್ರಕಟಿಸಿತು. ಟಿ2* 20 ಮಿಲಿಸೆಕೆಂಡಿಗಿಂತ ಮೇಲಿದ್ದರೆ ನಿರಾಳ. 10ಕ್ಕಿಂತ ಕೆಳಗಿಳಿದರೆ ಹಾರ್ಟ್ ಫೇಲ್ಯೂರ್ ಅಪಾಯ ಹೆಚ್ಚು, ಕಬ್ಬಿಣ ಇಳಿಸುವ ಔಷಧಿಯನ್ನು ಡಾಕ್ಟರು ಕೂಡಲೇ ಬಿಗಿ ಮಾಡುತ್ತಾರೆ.

ಅಂದಹಾಗೆ, 20, 10 ಅನ್ನುವ ಈ ಗೆರೆಗಳು 1.5 ಟೆಸ್ಲಾ ಯಂತ್ರಕ್ಕೆ ಹಾಕಿದವು (ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲ ಅಳೆಯುವ ಮಾನ). 3 ಟೆಸ್ಲಾದಲ್ಲಿ ಅದೇ ಹೃದಯಕ್ಕೆ ಸಂಖ್ಯೆ ಇನ್ನೂ ಕಡಿಮೆ ಬರುತ್ತದೆ. ಹಳೇ ರಿಪೋರ್ಟಿಗೂ ಹೊಸದಕ್ಕೂ ಹೋಲಿಸುವ ಮೊದಲು ಯಂತ್ರ ಯಾವುದು ಅಂತ ನೋಡಿಕೊಳ್ಳಿ.